ಉತ್ತರ ಕೇಳುವ ಮೊದಲು ಪ್ರಶ್ನೆಯ ಕ್ರಿಯಾಪದ ಬರೆದಿಟ್ಟುಕೊಳ್ಳಿ
ರಾಜಕಾರಣಿಯ ಸಂದರ್ಶನ ನೋಡುವಾಗ ಪ್ರಶ್ನೆಯ ಕ್ರಿಯಾಪದವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಉತ್ತರದಲ್ಲಿ ಅದೇ ಬಂತಾ ನೋಡಿ. ನುಣುಚಿಕೊಳ್ಳುವವರು ಎಷ್ಟೋ ಸಲ ಪ್ರಶ್ನೆಯನ್ನೇ ಸದ್ದಿಲ್ಲದೆ ಬದಲಿಸಿ, ಆ ಹೊಸ ಪ್ರಶ್ನೆಗೆ ಉತ್ತರ ಕೊಡುತ್ತಾರೆ. 1997ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಬ್ರಿಟನ್ನಿನ ಮಾಜಿ ಗೃಹಸಚಿವ ಮೈಕಲ್ ಹೊವಾರ್ಡ್ ಅವರನ್ನು ಕೇಳಿದ್ದು, ಜೈಲುಗಳ ಮುಖ್ಯಸ್ಥರ ತೀರ್ಮಾನ ತಳ್ಳಿಹಾಕುವುದಾಗಿ ಬೆದರಿಸಿದಿರಾ ಅಂತ. ಹೊವಾರ್ಡ್ ಹೇಳಿದ್ದು, ನಾನು ಆದೇಶ ಕೊಡಲಿಲ್ಲ ಅಂತ. ಬೆದರಿಸಿದ್ದು ಹೌದೋ ಅಲ್ಲವೋ? ಅದೇ ಪ್ರಶ್ನೆ ಹತ್ತಕ್ಕೂ ಹೆಚ್ಚು ಸಲ ಬಂದರೂ ನೇರ ಉತ್ತರ ಸಿಗಲಿಲ್ಲ. ಚೀಟಿ ಇದ್ದರೆ ಇಂಥದ್ದು ಮೊದಲ ಸಲವೇ ಕಣ್ಣಿಗೆ ಬೀಳುತ್ತದೆ. ಒಂದೇ ಉಸಿರಲ್ಲಿ ನಾಲ್ಕು ಪ್ರಶ್ನೆ ಕೇಳುವ ಪತ್ರಕರ್ತರ ಹತ್ತಿರ ಈ ಚೀಟಿಯ ಉಪಾಯ ನಡೆಯುವುದಿಲ್ಲ, ರಾಜಕಾರಣಿ ಸುಲಭದ್ದನ್ನು ಆರಿಸಿಕೊಳ್ಳಲು ಅವರೇ ದಾರಿ ಕೊಟ್ಟಿರುತ್ತಾರೆ. ಪ್ರಶ್ನೆಯೇ ತಪ್ಪು ಊಹೆಯ ಮೇಲೆ ನಿಂತಿದ್ದರೆ ಮಾತ್ರ ಉತ್ತರಿಸುವವರು ಪದ ತಿದ್ದುವುದು ನ್ಯಾಯ.