‘ಇನ್ ದಿ ಏರ್ ಟುನೈಟ್’ ಹಾಡನ್ನು ವೇದಿಕೆಯಲ್ಲಿ ನುಡಿಸುವ ಬಗೆ

ಬ್ರಿಟನ್ನಿನ ರಾಕ್ ತಂಡ ಜೆನೆಸಿಸ್‌ನಲ್ಲಿ ಡ್ರಮ್ ವಾದಕ ಹಾಗೂ ಗಾಯಕರಾಗಿದ್ದ ಫಿಲ್ ಕಾಲಿನ್ಸ್ ಅವರ ಈ ಮೊದಲ ಸೋಲೋ ಸಿಂಗಲ್ (ತಂಡವಿಲ್ಲದೆ ತಮ್ಮದೇ ಹೆಸರಿನಲ್ಲಿ ಹೊರತಂದ ಬಿಡಿ ಹಾಡು) 1981ರ ಜನವರಿಯಲ್ಲಿ ಹೊರಬಂದು, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಇದನ್ನು ನುಡಿಸುವವರಿಗೆ ಬೆರಳ ಚುರುಕಿಗಿಂತ ತಾಳ್ಮೆ ಮುಖ್ಯ.

ಮೊದಲು ಡ್ರಮ್ ಮಷೀನಿನ ಸಣ್ಣ ಲಯವನ್ನು ತಗ್ಗಿದ ಧ್ವನಿಯಲ್ಲಿ ಹರಿಯಬಿಡಿ. ಅದರ ಮೇಲೆ ಸಿಂಥಸೈಜರ್‌ನಲ್ಲಿ ಡಿ ಮೈನರ್, ಸಿ, ಬಿ ಫ್ಲ್ಯಾಟ್ ಸ್ವರಮೇಳಗಳನ್ನು ನೀಳವಾಗಿ ಹಿಡಿಯಿರಿ. ಗಾಯಕರು ಆರಂಭದಲ್ಲಿ ದನಿ ಏರಿಸಬಾರದು.

ಮೂರೂವರೆ ನಿಮಿಷ ದಾಟುವವರೆಗೆ ಡ್ರಮ್ ವಾದಕರು ಕೋಲು ಎತ್ತಲೇಬಾರದು. ಆ ಸಂಯಮವಿದ್ದರೆ ಮಾತ್ರ ಸುಮಾರು 3 ನಿಮಿಷ 40 ಸೆಕೆಂಡಿಗೆ ಟಾಮ್‌ಗಳ (ಡ್ರಮ್ ಸೆಟ್ಟಿನ ಆಳದನಿಯ ಡ್ರಮ್‌ಗಳು) ಮೇಲೆ ಜೋಡಿಜೋಡಿಯಾಗಿ ಉರುಳುವ ಆ ಪ್ರಸಿದ್ಧ ಏಟುಗಳು ಕೇಳುಗರ ಎದೆಗೆ ತಾಗುತ್ತವೆ. ಇಲ್ಲಿ ಅವಸರ ಬೇಡ, ಪ್ರತಿ ಏಟೂ ಸಮತೂಕದಲ್ಲಿರಲಿ.

ಆ ನಾದದ ಮೂಲ ಗೇಟೆಡ್ ರಿವರ್ಬ್. ಕೋಣೆಯ ಮೈಕಿನಲ್ಲಿ ಹಿಡಿದ ಪ್ರತಿಧ್ವನಿಯನ್ನು ಕಂಪ್ರೆಸರ್‌ನಿಂದ (ಸದ್ದಿನ ಏರಿಳಿತವನ್ನು ತಗ್ಗಿಸುವ ಸಾಧನ) ಬಿಗಿಯಾಗಿ ಒತ್ತಿ, ಅದು ತಾನಾಗಿ ಕರಗುವ ಮುನ್ನವೇ ನಾಯ್ಸ್ ಗೇಟಿನಿಂದ (ಸದ್ದು ನಿಗದಿತ ಮಟ್ಟಕ್ಕಿಂತ ತಗ್ಗಿದೊಡನೆ ಅದನ್ನು ತಡೆಯುವ ಸಾಧನ) ಥಟ್ಟನೆ ಕತ್ತರಿಸಬೇಕು. ಧ್ವನಿ ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಈ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಸದ್ದು ಹೆಚ್ಚಾದರೆ ಗೇಟು ಬೇಡದೆಡೆ ತೆರೆದುಕೊಳ್ಳುವುದರಿಂದ, ಸಿಂಬಲ್‌ಗಳನ್ನು ಆದಷ್ಟು ಮಿತವಾಗಿ ಬಳಸಿ.