ಡೆತ್ ವ್ಯಾಲಿ: ಬೆಳಿಗ್ಗೆ ನಡಿಗೆ, ಮಧ್ಯಾಹ್ನ ಕಾರು

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್‌ಗೆ ಹೋಗಬೇಕು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಯಾವ ತಿಂಗಳು ಅಂತ. ಬೇಸಿಗೆ ಅಂದರೆ ಅಲ್ಲಿಗೇ ಮಾತು ಮುಗಿಸುತ್ತೇನೆ. 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಅದು. ನಾವು ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಗೆಳೆಯರು ಹೋಗಿದ್ದು ಫೆಬ್ರವರಿಯಲ್ಲಿ. ಹಗಲು ಹಿತವಾಗಿತ್ತು, ರಾತ್ರಿ ದಪ್ಪ ಜಾಕೆಟ್ ಬೇಕಾಯಿತು.

ಚಳಿಗಾಲದಲ್ಲಿ ಯೊಸೆಮಿಟಿ ಕಡೆಯ ಬೆಟ್ಟದ ದಾರಿ ಟಿಯೋಗಾ ಪಾಸ್ ಹಿಮದಿಂದ ಮುಚ್ಚಿರುತ್ತದೆ. ಹಾಗಾಗಿ ಬೇಕರ್ಸ್‌ಫೀಲ್ಡ್ ಮೇಲೆ ಸುತ್ತಿಕೊಂಡೇ ಹೋಗಬೇಕು, ಊಟ, ಕಾಫಿ ಎಲ್ಲ ಸೇರಿ ಇಡೀ ದಿನ ಹಿಡಿಯುತ್ತದೆ. ರಿಡ್ಜ್‌ಕ್ರೆಸ್ಟ್‌ನಲ್ಲೇ ಟ್ಯಾಂಕ್ ಫುಲ್ ಮಾಡಿಕೊಳ್ಳಿ. ಪಾರ್ಕ್ ಒಳಗೂ ಪೆಟ್ರೋಲ್ ಸಿಗುತ್ತದೆ, ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ ಅಷ್ಟೇ. ಫೋನಿಗೆ ಮ್ಯಾಪ್ ಇಳಿಸಿಕೊಳ್ಳುವುದೂ ಅಲ್ಲೇ ಆಗಲಿ, ಮುಂದೆ ಹೆಚ್ಚಿನ ಕಡೆ ಸಿಗ್ನಲ್ ಇರುವುದಿಲ್ಲ. ಟೌನ್ ಪಾಸ್ ದಾಟಿದ ಮೇಲೆ ಸುಮಾರು 5000 ಅಡಿಯಿಂದ ಸಮುದ್ರ ಮಟ್ಟಕ್ಕೆ ಇಳಿಜಾರು. ಕಿವಿ ಕಟ್ಟುತ್ತದೆ. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯಬೇಡಿ, ಲೋ ಗೇರ್ ಹಾಕಿ.

ಗುಂಪಿನಲ್ಲಿ ಹೋದರೆ ನೋಡಬೇಕಾದ ಜಾಗಗಳ ಪಟ್ಟಿ ಒಬ್ಬೊಬ್ಬರದೂ ಒಂದೊಂದು ಇರುತ್ತದೆ, ಅಲ್ವಾ? ನಮ್ಮಲ್ಲೂ ಇತ್ತು. ಆದರೆ ಈ ಪಾರ್ಕ್ ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಎಲ್ಲ ನೋಡಲಾಗುವುದಿಲ್ಲ. ಒಬ್ಬನಿಗೆ ರೇಸ್‌ಟ್ರ್ಯಾಕ್ ನೋಡಲೇಬೇಕಿತ್ತು, ಕಲ್ಲುಗಳು ತಾವಾಗಿಯೇ ಜಾರಿ ನೆಲದ ಮೇಲೆ ಗೆರೆ ಎಳೆಯುವ ಜಾಗ. ತೆಳುವಾದ ಮಂಜುಗಡ್ಡೆಯ ಹಾಳೆಗಳು ಗಾಳಿಗೆ ಸರಿಯುವಾಗ ಕಲ್ಲನ್ನು ತಳ್ಳುತ್ತವೆ ಅಂತ ವಿಜ್ಞಾನಿಗಳು 2014ರಲ್ಲಿ ಸಾಬೀತು ಮಾಡಿದರು. ನೋಡುವಂಥದ್ದೇ. ಆದರೆ ಯೂಬಿಹೀಬಿ ಕುಳಿಯಿಂದ ಮುಂದೆ 27 ಮೈಲಿ ಚೂಪು ಕಲ್ಲಿನ ಮಣ್ಣು ರಸ್ತೆ, ನಮ್ಮದು ಬಾಡಿಗೆ ಸೆಡಾನ್. ಬೇಡ ಅಂದುಬಿಟ್ಟೆ. ಅವನು ಮುಖ ಊದಿಸಿಕೊಂಡ, ಸಂಜೆ ಹೊತ್ತಿಗೆ ಸರಿಹೋದ.

ಒಂದೇ ನಿಯಮ ಇಟ್ಟುಕೊಂಡೆವು. ಬೆಳಿಗ್ಗೆ ನಡಿಗೆ, ಬಿಸಿಲೇರಿದ ಮೇಲೆ ಕಾರು, ಸಂಜೆ ಮತ್ತೆ ಕಾಲಿಗೆ ಕೆಲಸ. ಚಳಿಗಾಲದಲ್ಲೂ ಇದು ಬೇಕು, ಯಾಕೆಂದರೆ ಮಧ್ಯಾಹ್ನದ ನೆತ್ತಿಯ ಬೆಳಕಿನಲ್ಲಿ ಬೆಟ್ಟಗಳೆಲ್ಲ ಬಿಳಿಚಿಕೊಂಡು ಕಾಣುತ್ತವೆ, ಮೇಲಾಗಿ ನೆರಳು ಅನ್ನುವುದೇ ಇಲ್ಲ.

ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗೋಲ್ಡನ್ ಕ್ಯಾನ್ಯನ್ ಅನ್ನುವ ಕಿರಿದಾದ ಕಣಿವೆ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಅಂಚಿನಲ್ಲಿ ಡಾಂಬರಿನ ತುಂಡುಗಳು ಕಾಣುತ್ತವೆ. ಒಂದು ಕಾಲಕ್ಕೆ ಇಲ್ಲಿ ಕಾರು ಹೋಗುತ್ತಿತ್ತು. 1976ರ ಮಳೆಯಲ್ಲಿ ಬಂದ ಪ್ರವಾಹ ರಸ್ತೆಯನ್ನು ಕಿತ್ತುಕೊಂಡು ಹೋಯಿತು. ವರ್ಷಕ್ಕೆ ಸರಾಸರಿ ಎರಡು ಇಂಚು ಮಳೆ ಬೀಳುವ ಊರಲ್ಲಿ! ಮಣ್ಣು ನೀರು ಹೀರಿಕೊಳ್ಳುವುದಿಲ್ಲ, ಬಿದ್ದದ್ದೆಲ್ಲ ಒಮ್ಮೆಲೇ ಕಣಿವೆಗೆ ನುಗ್ಗುತ್ತದೆ. ಅದಕ್ಕೇ ಮೋಡ ಕಂಡರೆ ಕ್ಯಾನ್ಯನ್ ಒಳಗೆ ಹೋಗಬಾರದು. ಇನ್ನೂ ಮುಂದೆ ಕೆಲವು ಬಂಡೆಗಳ ಮೇಲೆ ಕೆರೆಯ ದಡದಲ್ಲಿ ಮೂಡುವಂಥ ಸಣ್ಣ ಅಲೆಯ ಗುರುತುಗಳಿವೆ. ಹಳೆಯ ಕೆರೆಯ ತಳವೇ ಕಲ್ಲಾಗಿ, ಓರೆಯಾಗಿ ಎದ್ದು ನಿಂತಿದೆ. ಬೆರಳಿಟ್ಟು ಸವರಿದೆ, ಏರಿಳಿತ ಸ್ಪಷ್ಟವಾಗಿ ತಾಗುತ್ತದೆ.

ಅಲ್ಲಿಂದ ಮ್ಯಾನ್ಲಿ ಬೀಕನ್ ಶಿಖರದ ಕೆಳಗೆ ಹಾದು, ಗವರ್ ಗಲ್ಚ್ ಕಡೆಯಿಂದ ಇಳಿದು ಸುತ್ತು ಮುಗಿಸಬಹುದು. ಒಟ್ಟು ನಾಲ್ಕು ಮೈಲಿಯ ಮೇಲೆ ಸ್ವಲ್ಪ. ಕೊನೆಯಲ್ಲಿ ನೀರಿಲ್ಲದ ಜಲಪಾತವೊಂದಿದೆ, ಅದರ ಪಕ್ಕದ ಕಾಲುದಾರಿ ಕಿರಿದು. ಎತ್ತರಕ್ಕೆ ಹೆದರುವವರನ್ನು ಮಧ್ಯದಲ್ಲಿ ಬಿಟ್ಟುಕೊಂಡು ಸಾಲಾಗಿ ನಡೆಯಿರಿ. ಮುಂದೆ ಚುರುಕಾಗಿ ನಡೆಯುವವರು ಪ್ರತಿ ತಿರುವಿನಲ್ಲೂ ನಿಂತು ಕಾಯಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು, ಅಲ್ಲಿ ತಿರುವುಗಳೆಲ್ಲ ಒಂದೇ ಥರ ಕಾಣುತ್ತವೆ.

ಮಧ್ಯಾಹ್ನ ಆರ್ಟಿಸ್ಟ್ಸ್ ಡ್ರೈವ್, ಬಣ್ಣದ ಬೆಟ್ಟಗಳ ನಡುವಿನ ರಸ್ತೆ. ಚೆನ್ನಾಗಿದೆ, ಕಾರಲ್ಲೇ ಕೂತು ನೋಡಿದರೆ ಸಾಕು.

ಸಂಜೆಗೆ ಬ್ಯಾಡ್‌ವಾಟರ್ ಅನ್ನುವ ಉಪ್ಪಿನ ಬಯಲು. ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಉತ್ತರ ಅಮೆರಿಕದಲ್ಲೇ ಅತಿ ತಗ್ಗು. ಪಕ್ಕದ ಬೆಟ್ಟದ ಮೇಲೆ ಸಮುದ್ರ ಮಟ್ಟ ಇಲ್ಲಿ ಅಂತ ಒಂದು ಫಲಕ ಹಾಕಿದ್ದಾರೆ, ಕತ್ತೆತ್ತಿ ನೋಡಬೇಕು. ಹೆಚ್ಚಿನವರು ಮರದ ಕಟ್ಟೆಯ ಹತ್ತಿರವೇ ಫೋಟೋ ತೆಗೆದುಕೊಂಡು ವಾಪಸ್ ಹೋಗುತ್ತಾರೆ. ಅಲ್ಲಿ ಜನ ತುಳಿದು ಉಪ್ಪು ಕಂದಾಗಿದೆ. ಇನ್ನೂ ಹದಿನೈದು ಇಪ್ಪತ್ತು ನಿಮಿಷ ಒಳಕ್ಕೆ ನಡೆದರೆ ಬೆಳ್ಳಗಿನ ಉಪ್ಪು, ಆರು ಮೂಲೆಯ ಚಿತ್ತಾರಗಳು, ಒಂದೊಂದರ ಅಂಚೂ ಮೇಲಕ್ಕೆ ಸುರುಳಿ ಸುತ್ತಿಕೊಂಡು ಪುಡಿಪುಡಿಯಾಗಿ ನಿಂತಿರುತ್ತದೆ. ಅಂಚನ್ನು ತುಳಿಯಬೇಡಿ ದಯವಿಟ್ಟು.

ಮರುದಿನ ಬೆಳಕು ಹರಿಯುವ ಮುಂಚೆ ಮೆಸ್ಕೀಟ್ ಫ್ಲ್ಯಾಟ್ ಮರಳ ದಿಬ್ಬಗಳು. ಅಲ್ಲಿ ದಾರಿ ಅಂತ ಇಲ್ಲ, ಎತ್ತರದ ದಿಬ್ಬ ನೋಡಿಕೊಂಡು ನಡೆಯುವುದಷ್ಟೇ. ಹತ್ತಿರವೇ ಇದೆ ಅನ್ನಿಸುತ್ತದೆ, ನಡೆದಷ್ಟೂ ದೂರ ಸರಿಯುತ್ತದೆ. ಏಣು ಹಿಡಿದು ಹತ್ತಿದರೆ ಕಾಲು ಕಡಿಮೆ ಹೂತುಕೊಳ್ಳುತ್ತದೆ. ಬೇಗ ಹೋಗಿದ್ದಕ್ಕೆ ಜನರ ಹೆಜ್ಜೆಗಿಂತ ಮೊದಲು ಜೀರುಂಡೆಯ ಹೆಜ್ಜೆ ಸಾಲು ಸಿಕ್ಕಿತು, ಎರಡೂ ಕಡೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು.

ನೀರು ತಲೆಗೆ ದಿನಕ್ಕೆ ಕಡಿಮೆ ಅಂದರೂ 4 ಲೀಟರ್ ಇಟ್ಟುಕೊಳ್ಳಿ. ಗಾಳಿ ಎಷ್ಟು ಒಣಗಿದೆ ಅಂದರೆ ಬೆವರು ಬಂದಿದ್ದೇ ಗೊತ್ತಾಗುವುದಿಲ್ಲ, ಅಂಗಿ ಒಣಗಿಯೇ ಇರುತ್ತದೆ, ಬಾಯಾರಿಕೆ ಅನ್ನಿಸುವಷ್ಟರಲ್ಲಿ ತಲೆನೋವು ಶುರು. ಬರೀ ನೀರು ಸಾಲದು, ಉಪ್ಪೂ ಹೋಗಬೇಕು. ನಾವು ಪುಳಿಯೋಗರೆ ಗೊಜ್ಜು ಒಯ್ದಿದ್ದೆವು, ಜೊತೆಗೆ ಖಾರದ ಅವಲಕ್ಕಿ. ಎನರ್ಜಿ ಬಾರ್‌ಗಳು ಹಾಗೇ ವಾಪಸ್ ಬಂದವು.