ಆಂಟಿವೈರಸ್ ತೆಗೆಯುವ ಮುಂಚೆ ಡಿಸ್ಕ್ ಕಡೆ ನೋಡಿ

"ಆಂಟಿವೈರಸ್ಸನ್ನೇ ತೆಗೆದುಬಿಡಲಾ?" ಎಂದು ಅಪ್ಪ ಕೇಳಿದರು. ಅವರ ಲ್ಯಾಪ್‌ಟಾಪ್ ಹಳೆಯದು. 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಇಪ್ಪತ್ತು ನಿಮಿಷವಾದರೂ ಒಂದು ಫೈಲ್ ತೆರೆಯುತ್ತಿರಲಿಲ್ಲ. ಆಂಟಿವೈರಸ್ಸೇ ನಿಧಾನ ಮಾಡುತ್ತಿದೆ ಎಂಬುದು ಅವರ ಅನುಮಾನ. "ಬೇಡಪ್ಪಾ, ಸ್ವಲ್ಪ ತಾಳಿ" ಎಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಥ ಯಂತ್ರದಿಂದ ಇರುವ ಕಾವಲನ್ನೂ ತೆಗೆದರೆ ಹೇಗೆ?

ಮೊದಲು ಯಾರು ತಡೆಯುತ್ತಿದ್ದಾರೆ ಅಂತ ಪತ್ತೆ ಮಾಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಯಾವ ಪ್ರೋಗ್ರಾಂ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಚಿಕ್ಕದಾಗಿ ಕಂಡರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ. ಎಲ್ಲರೂ ಸಿಪಿಯು ನೋಡುತ್ತಾರೆ. ಹಳೆಯ ಯಂತ್ರದಲ್ಲಿ ನೋಡಬೇಕಾದ್ದು ಡಿಸ್ಕ್. ಆ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ಓದುತ್ತಿರುವ ಪ್ರೋಗ್ರಾಂ ಮೇಲೆ ಬರುತ್ತದೆ. ಅಪ್ಪನದ್ದರಲ್ಲಿ ಸಿಪಿಯು ಶೇಕಡಾ 30ರ ಆಸುಪಾಸಿನಲ್ಲಿತ್ತು, ಡಿಸ್ಕ್ ಮಾತ್ರ ಶೇಕಡಾ 100ರಲ್ಲೇ ಕೂತಿತ್ತು.

ಕಾರಣ ಇಷ್ಟೇ. ಇಂಥ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಪ್ರತಿ ಚಿಕ್ಕ ಫೈಲಿಗೂ ಓದುವ ಮುಳ್ಳು ಜಾಗ ಬದಲಿಸಬೇಕು, ಆ ಜಾಗ ಸುತ್ತಿ ಬರುವವರೆಗೆ ಕಾಯಬೇಕು. ಆಂಟಿವೈರಸ್ ವೈರಸ್ ಹುಡುಕಲು ಮಾಡುವ ಸ್ಕ್ಯಾನ್ ಅಂದರೆ ಇಂಥ ಸಾವಿರಾರು ಫೈಲು. ಅದೇ ಹೊತ್ತಿಗೆ ನೀವೂ ಒಂದು ಫೈಲ್ ಕೇಳಿದರೆ ಸಾಲಿನಲ್ಲಿ ನಿಲ್ಲಲೇಬೇಕು.

ಪಟ್ಟಿಯ ಮೇಲ್ಗಡೆ 'ಆಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' ಎಂದಿದ್ದರೆ ಹೆದರಬೇಡಿ, ಅದು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್. ಅಪ್ಪನದ್ದರಲ್ಲಿ ಅದರ ಜೊತೆ ಇನ್ನೊಂದು ಹೆಸರೂ ಇತ್ತು. ಯಾವಾಗಲೋ ಟ್ರಯಲ್‌ಗೆಂದು ಹಾಕಿ, ಅವಧಿ ಮುಗಿದ ಮೇಲೆ ತೆಗೆದಿದ್ದ ಆಂಟಿವೈರಸ್. ತೆಗೆದಿದ್ದೇನೋ ನಿಜ, ಆದರೆ ಅದರ ಒಂದು ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ಉಳಿದೇ ಇತ್ತು. ಒಂದೇ ಫೈಲನ್ನು ಇಬ್ಬರೂ ಓದುತ್ತಿದ್ದರು.

ನಿಮ್ಮಲ್ಲೂ ಹಾಗಿದೆಯಾ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಪ್ರೊವೈಡರ್ಸ್' ಒತ್ತಿದರೆ ಯಾವ ಆಂಟಿವೈರಸ್ ನೋಂದಾಯಿಸಿಕೊಂಡಿದೆ ಅಂತ ಕಾಣುತ್ತದೆ. ಎರಡಿದ್ದರೆ ಒಂದನ್ನು ಆರಿಸಿಕೊಳ್ಳಿ. ಬೇಡದ್ದನ್ನು ಆ್ಯಪ್ಸ್ ಪಟ್ಟಿಯಿಂದ ತೆಗೆದು ರೀಸ್ಟಾರ್ಟ್ ಮಾಡಿ. ಚೂರುಪಾರು ಉಳಿದಿದ್ದರೆ ಅದೇ ಕಂಪನಿಯ ರಿಮೂವಲ್ ಟೂಲ್ ಓಡಿಸಿ. ಹೆಚ್ಚಿನ ಆಂಟಿವೈರಸ್ ಕಂಪನಿಗಳು ಇದನ್ನು ಉಚಿತವಾಗಿ ಕೊಡುತ್ತವೆ. ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಖಂಡಿತ ಬೇಡ. ಕೊನೆಗೆ ಡಿಫೆಂಡರ್ ಆನ್ ಆಗಿದೆಯಾ ಅಂತ ಕಣ್ಣಾರೆ ನೋಡಿ.

ಇನ್ನು ಸ್ಕ್ಯಾನ್ ಹೊತ್ತು. ಯಾವ ಕೆಲಸ ಯಾವಾಗ ಶುರುವಾಗಬೇಕು ಎಂದು ಇಡುವ ಟಾಸ್ಕ್ ಶೆಡ್ಯೂಲರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂದು ಒಳಗೆ ಹೋಗಿ. 'ಶೆಡ್ಯೂಲ್ಡ್ ಸ್ಕ್ಯಾನ್' ಇರುತ್ತದೆ. ಟ್ರಿಗರ್ಸ್‌ನಲ್ಲಿ ವಾರಕ್ಕೊಮ್ಮೆ, ಯಂತ್ರ ಆನ್ ಇದ್ದು ನೀವು ಕೆಲಸ ಮಾಡದ ಹೊತ್ತನ್ನು ಕೊಡಿ. ಅಪ್ಪ ಮಧ್ಯಾಹ್ನ ಊಟಕ್ಕೆ ಏಳುತ್ತಾರೆ, ಅದನ್ನೇ ಇಟ್ಟೆ.

ಕೆಲವರು ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್ಸ್‌ಗೆ, ಅಂದರೆ ಸ್ಕ್ಯಾನ್ ಮಾಡಬೇಡ ಎನ್ನುವ ಪಟ್ಟಿಗೆ, ಸೇರಿಸಿಬಿಡುತ್ತಾರೆ. ದಯವಿಟ್ಟು ಬೇಡ. ಡೌನ್‌ಲೋಡ್ಸ್ ಫೋಲ್ಡರನ್ನಂತೂ ಸೇರಿಸಲೇಬೇಡಿ, ವೈರಸ್ ಬರುವ ಬಾಗಿಲೇ ಅದು ಅಲ್ವಾ?

ಇಷ್ಟು ಮಾಡಿದ ಮೇಲೆ ಅಪ್ಪನ ಲ್ಯಾಪ್‌ಟಾಪ್ ಐದು ನಿಮಿಷದಲ್ಲಿ ಕೆಲಸಕ್ಕೆ ಸಿದ್ಧವಾಗತೊಡಗಿತು. ಉಳಿದ ಐದು ನಿಮಿಷ ಹಾರ್ಡ್ ಡಿಸ್ಕಿನದು. ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ, ತಿರುಗುವ ಭಾಗವೇ ಇಲ್ಲದ ವೇಗದ ಡ್ರೈವ್, ಎಸ್‌ಎಸ್‌ಡಿ ಹಾಕಬೇಕು. ಹಾಕಿಸುವ ಮುಂಚೆ ಫೋಟೋ, ಕಾಗದಪತ್ರಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ.